ಬಾಲ ಕತ್ತರಿಸಿದರೆ ನಡೆಯುವ ದೋಣಿ

ದಡ್ಡ ಮಗ ನೆಲದ ಮೇಲಿದ್ದರೆ ಒಂದು ಮನೆಗೆ ನಷ್ಟ. ನೀರಿನ ಮೇಲಿದ್ದರೆ ಎರಡು ದಡಕ್ಕೂ ನಷ್ಟ. ಇದು ನೀರಿನ ಮೇಲಿದ್ದವನ ಕತೆ. ಈಜು ಬರುವವರು ಮುಂದೆ ಬಂದು ಕೂತುಕೊಳ್ಳಿ, ಬಾರದವರು ಸ್ವಲ್ಪ ಹಿಂದೆ ಸರಿದುಕೊಳ್ಳಿ.

ಬಿಳಿಯರ ಸರಕಾರದ ಕಾಲ. ಕೋಡಿಬೈಲಿನ ಕಡವಿನಲ್ಲಿ, ಅಂದರೆ ದೋಣಿ ಹೊಳೆ ದಾಟುವ ಜಾಗದಲ್ಲಿ, ಮಾಸ್ತಮ್ಮ ಅಂತ ಒಬ್ಬಳು ಅಂಬಿಗರ ಹೆಂಗಸು. ಗಂಡ ಕರಿಯಣ್ಣ ಇಪ್ಪತ್ತೆರಡು ವರ್ಷ ಊರವರನ್ನೆಲ್ಲ ಆ ಹೊಳೆ ದಾಟಿಸಿ, ತಾನು ಒಂದು ಜ್ವರ ದಾಟಲಾರದೆ ಹೋದ. ಬಿಟ್ಟುಹೋದದ್ದು ಎರಡು. ಒಂದು ದೋಣಿ, ಒಬ್ಬ ಮಗ. ದೋಣಿ ಚೆನ್ನಾಗಿತ್ತು.

ಮಗನ ಹೆಸರು ಜಟ್ಟು. ಇಪ್ಪತ್ತು ತುಂಬಿದ ಆಳು. ಎತ್ತರಕ್ಕೆ ಎತ್ತರ, ಅಗಲಕ್ಕೆ ಅಗಲ, ಹಲ್ಲು ಒಂದೂ ಸೊಟ್ಟಗಿಲ್ಲ. ಸಂತೆಯಲ್ಲಿ ಇಟ್ಟರೆ ನೋಡಿದವರೆಲ್ಲ ಕೈ ಚಾಚುವಂಥ ಮಾಲು. ಆದರೆ ತೆಂಗಿನಕಾಯಿ ಕೊಳ್ಳುವವನು ಹೊಳಪು ನೋಡಿ ಕೊಳ್ಳುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಜಟ್ಟುವನ್ನು ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆ ಇಲ್ಲ. ಇಂಥವರನ್ನು ಕೆಲವರು ವಿಧೇಯರು ಅಂತ ಹೊಗಳುತ್ತಾರೆ. ಹೊಗಳುವವರು ಯಾರೂ ಅವರನ್ನು ಕೆಲಸಕ್ಕೆ ಇಟ್ಟುಕೊಂಡವರಲ್ಲ.

ಆ ವರ್ಷ ಸರಕಾರ ಹೊಸ ಕಟ್ಟಳೆ ತಂದಿತು. ದೋಣಿ ದಾಟಿಸುವವನ ಹತ್ತಿರ ಪರವಾನಗಿ ಕಾಗದ ಇರಬೇಕು. ಕಾಗದ ಗಂಡಸಿನ ಹೆಸರಿಗೆ ಮಾತ್ರ. ಹೊಸದಾಗಿ ಬಂದ ಸಾಹೇಬ ತಾನೇ ದೋಣಿ ಹತ್ತುತ್ತಾನೆ. ಆಚೆ ದಡದಲ್ಲಿ ಅವನ ಬೂಟು ಒದ್ದೆಯಾಗದೆ ಇಳಿದರೆ ಕಾಗದ. ಇಲ್ಲವಾದರೆ ಕಡವು ಆಚೆ ದಡದ ಗಣಪುವಿನ ಪಾಲು. ಗಣಪುವಿನ ದೋಣಿ ಎಷ್ಟು ಸೋರುತ್ತಿತ್ತು ಅಂದರೆ, ಹತ್ತಿದವರ ಕೈಗೆ ಅವನು ಮೊದಲು ಒಂದು ತೆಂಗಿನ ಗೆರಟೆ ಕೊಡುತ್ತಿದ್ದ, ನೀರು ಎತ್ತಿ ಹಾಕಲಿಕ್ಕೆ.

ಗಂಡ ಸತ್ತ ನಾಲ್ಕು ತಿಂಗಳಿಂದ ದೋಣಿ ನಡೆಸುತ್ತಿದ್ದವಳು ಮಾಸ್ತಮ್ಮನೇ. ಗಂಡನಿಗಿಂತ ಚೆನ್ನಾಗಿಯೇ ನಡೆಸುತ್ತಿದ್ದಳು. ಹುಟ್ಟು ಹಾಕುವವರು ಗಂಡೋ ಹೆಣ್ಣೋ ಅಂತ ಹೊಳೆ ಯಾವತ್ತೂ ಕೇಳಿದ್ದಿಲ್ಲ. ಸರಕಾರ ಕೇಳಿತು. ಅವಳಿಗೆ ಗದ್ದೆ ಇಲ್ಲ, ತೋಟ ಇಲ್ಲ, ಇದ್ದದ್ದು ಆ ಕಡವು ಒಂದೇ. ಅದು ಹೋದರೆ ತಾಯಿ ಮಗ ಇಬ್ಬರೂ ಗಣಪುವಿನ ದೋಣಿಯಲ್ಲಿ ಗೆರಟೆ ಹಿಡಿಯಬೇಕು. ಸಾಹೇಬ ದೋಣಿ ಹತ್ತಲು ಮೂರು ವಾರ ಇದೆ ಎಂದು ಸುದ್ದಿ ಬಂತು. ಮೂರು ವಾರದಲ್ಲಿ ಜಟ್ಟುವನ್ನು ಅಂಬಿಗನನ್ನಾಗಿ ಮಾಡಬೇಕು. ಮರದ ದಿಮ್ಮಿಯಿಂದ ಹೊಸ ದೋಣಿ ಕೆತ್ತುವುದು ಅದಕ್ಕಿಂತ ಸುಲಭವಿತ್ತು.

ಮೊದಲ ದಿನ ಹನ್ನೊಂದು ಮೀನಿನ ಹೆಂಗಸರು ಬುಟ್ಟಿ ಸಮೇತ ದೋಣಿ ಹತ್ತಿದರು. ಆಚೆ ದಡದಲ್ಲಿ ಒಂದು ಹೊನ್ನೆಮರ. ಮಾಸ್ತಮ್ಮ ಮಗನ ಕೈಗೆ ಹುಟ್ಟು ಕೊಟ್ಟು, ಕಾಣು, ನಾವು ಹೋಗಬೇಕಾದ್ದು ಆ ಮರಕ್ಕೆ ಅಂದಳು. ಜಟ್ಟು ದೋಣಿಯ ಮೂತಿಯನ್ನು ಮರಕ್ಕೆ ಇಟ್ಟ. ಇಳಿತದ ಹೊತ್ತು, ಹೊಳೆ ಸಮುದ್ರಕ್ಕೆ ಓಡುತ್ತಿತ್ತು. ತಾಯಿ ಹುಟ್ಟು ಕಿತ್ತುಕೊಳ್ಳುವಷ್ಟರಲ್ಲಿ ದೋಣಿ ಅರ್ಧ ಮೈಲಿ ಕೆಳಗೆ, ಹೊಳೆ ಸಮುದ್ರ ಸೇರುವ ಅಳಿವೆಯ ಮರಳದಿಬ್ಬಕ್ಕೆ ಹೋಗಿ ಕೂತಿತು. ಹನ್ನೊಂದು ಹೆಂಗಸರು ಸೊಂಟದ ತನಕ ಕೆಸರಿನಲ್ಲಿ ಇಳಿದು, ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಜಟ್ಟುವಿನ ಏಳು ತಲೆಮಾರು ಹೊತ್ತುಕೊಂಡು ದಡಕ್ಕೆ ನಡೆದರು.

"ಮರ ತೋರಿಸಿದ್ದು ನೀನೇ ಅಲ್ಲ ಅಬ್ಬೆ?" ಅಂದ ಜಟ್ಟು.

"ತೋರಿಸಿದ್ದು ನಾನು, ಕಂಡದ್ದು ನೀನು. ಅಲ್ಲೇ ಕೆಟ್ಟದ್ದು."

ಆಮೇಲೆ ಅವಳು ಅಂಬಿಗರ ಮನೆಯಲ್ಲಿ ಮೂರು ವರ್ಷದ ಕೂಸಿಗೂ ಗೊತ್ತಿರುವುದನ್ನು ಮಗನಿಗೆ ಹೇಳಿಕೊಟ್ಟಳು. ಹೋಗಬೇಕಾದ ಕಡೆಗೆ ಮೂತಿ ಇಡಬಾರದು. ಹೊಳೆ ಎತ್ತಿಂದ ಬರುತ್ತದೋ ಅತ್ತ ಮೂತಿ ಇಟ್ಟು ಹುಟ್ಟು ಹಾಕುತ್ತಿರಬೇಕು. ಹೊಳೆ ಕೆಳಕ್ಕೆ ಎಳೆಯುತ್ತದೆ, ಹುಟ್ಟು ಮೇಲಕ್ಕೆ ತಳ್ಳುತ್ತದೆ, ಎರಡರ ಜಗಳದಲ್ಲಿ ದೋಣಿ ಏಡಿಯ ಹಾಗೆ ಅಡ್ಡಡ್ಡ ಸರಿದು ಸರಿಯಾಗಿ ಮರದ ಬುಡಕ್ಕೆ ಮುಟ್ಟುತ್ತದೆ. ಮುಂದಿನ ಸಲ ಎಲ್ಲಿಗೆ ಹೋಗುವುದಾದರೂ ಹಾಗೆ ಮಾಡು ಅಂದಳು. ಜಟ್ಟು ಆಗಲಿ ಅಂದ.

ಮುಂದಿನ ಸಲ ಅವನು ಹೋಗಬೇಕಾಗಿ ಬಂದದ್ದು ಶಾನಭಾಗರ ಮನೆಗೆ.

ಪುಂಡಲೀಕ ಶಾನಭಾಗರು ಸುಂಕದ ಕಟ್ಟೆಯ ಗುಮಾಸ್ತರು. ಆ ಹೊಳೆಸಾಲಿಗೆಲ್ಲ ಇಂಗ್ಲಿಷ್ ಬರುತ್ತಿದ್ದದ್ದು ಅವರೊಬ್ಬರಿಗೆ. ಹಿತ್ತಿಲಲ್ಲಿ ಬೆಳೆದ ಬಾಳೆಗೊನೆ ತೋರಿಸುವ ಹಾಗೆ ಅವರು ಬಂದವರಿಗೆಲ್ಲ ಒಂದೊಂದು ಇಂಗ್ಲಿಷ್ ಮಾತು ತೋರಿಸಿ ಕಳಿಸುತ್ತಿದ್ದರು. ಸಾಹೇಬನಿಗೆ ಅರ್ಜಿ ಬರೆಸಿಕೊಂಡು ಬಾ ಅಂತ ತಾಯಿ ಜಟ್ಟುವನ್ನು ಕಳಿಸಿದಳು. ಅವರ ಮನೆ ದಕ್ಷಿಣಕ್ಕಿತ್ತು. ಜಟ್ಟು ಮೂತಿಯನ್ನು ಹೊಳೆಯ ಮೇಲ್ದಿಕ್ಕಿಗೆ ಇಟ್ಟುಕೊಂಡು, ಕೈಯಲ್ಲಿ ಇಲ್ಲದ ಹುಟ್ಟು ಹಾಕುತ್ತಾ, ಅಡ್ಡಡ್ಡ ಸರಿದುಕೊಂಡು ಹೊರಟ. ಬೇಲಿ ಬಂತು, ಸರಿದ. ತುಳಸಿಕಟ್ಟೆ ಬಂತು, ಸುತ್ತಿ ಸರಿದ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು, ಮಳೆಗಾಲಕ್ಕೆಲ್ಲ ಆಗುವಷ್ಟು. ಅದರ ಮೇಲೂ ಸರಿದ. ಶಾನಭಾಗರ ಹೆಂಡತಿ ಪೊರಕೆ ಹುಡುಕಿಕೊಂಡು ಬರುವ ಹೊತ್ತಿಗೆ ಅವನು ಜಗಲಿ ಮುಟ್ಟಿದ್ದ, ಅದೂ ಸರಿಯಾಗಿ ಮೆಟ್ಟಿಲ ಬುಡಕ್ಕೆ.

ಶಾನಭಾಗರಿಗೆ ಹಪ್ಪಳ ಹೋದ ದುಃಖಕ್ಕಿಂತ ಒಂದು ಇಂಗ್ಲಿಷ್ ಮಾತಿಗೆ ಗಿರಾಕಿ ಸಿಕ್ಕಿದ ಸಂತೋಷ ಹೆಚ್ಚಾಯಿತು. ಹೆಂಡತಿಯನ್ನು ಒಳಗೆ ಕಳಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

"ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿದೆ ಕಣೋ. ಸೈಡಲ್. ಬರೀ ಅಡ್ಡ ನಡೆಯುವುದಲ್ಲ. ಹತ್ತಿರ ಬರುತ್ತಾ ಇರುವವನು ಬರುತ್ತಾ ಇಲ್ಲ ಅನ್ನುವ ಹಾಗೆ, ಮುಖ ಎತ್ತಲೋ, ಮನಸ್ಸು ಎತ್ತಲೋ, ಸದ್ದಿಲ್ಲದೆ ಪಕ್ಕದಿಂದ ಸರಿದು ಬರುವುದು. ದೊಡ್ಡವರ ಹತ್ತಿರ ಕೆಲಸ ಇದ್ದವರು ಹಾಗೇ ಹೋಗಬೇಕು. ನಾನು ಈ ಗುಮಾಸ್ತಿಕೆ ಹಿಡಿದದ್ದು ಹಾಗೇ."

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆ ಇಲ್ಲ. ಆದರೆ ಬಾಳೆಗೊನೆ ತೋರಿಸಿದವರಿಗೆ ಬುಡ ತೋರಿಸದೆ ಸಮಾಧಾನ ಇಲ್ಲ.

"ಅದು ಹುಟ್ಟಿದ್ದು ಹೇಗೆ ಗೊತ್ತೇನು? ತಿರುಗಾ ಮುರುಗಾ. ಮೊದಲು ಇದ್ದದ್ದು ಸೈಡ್ಲಿಂಗ್. ಓರೆಯಾಗಿ ಅಂತ ಅರ್ಥ, ಅಷ್ಟೇ. ಅದು ಕೂತಲ್ಲೇ ಕೂತಿದ್ದ ಮಾತು, ನಡೆಯುವ ಮಾತಲ್ಲ. ಇಂಗ್ಲಿಷಿನವರು ನಡೆಯುವ, ಓಡುವ, ತಿನ್ನುವ ಮಾತಿಗೆಲ್ಲ ಹಿಂದಿನಿಂದ ಇಂಗ್ ಅಂತ ಒಂದು ಬಾಲ ಕಟ್ಟುತ್ತಾರೆ. ಇದರ ಹಿಂದೆಯೂ ಅಂಥದೇ ಬಾಲ ಕಂಡಿತು. ಹುಟ್ಟಿನಿಂದ ಬಂದ ಬಾಲ ಅದು, ಕಟ್ಟಿದ್ದಲ್ಲ. ಜನ ನೋಡಬೇಕಲ್ಲ? ಕಟ್ಟಿದ್ದೇ ಅಂದುಕೊಂಡು ಕತ್ತರಿಸಿಬಿಟ್ಟರು. ಕತ್ತರಿಸಿದ್ದೇ ತಡ, ಕೂತಿದ್ದ ಮಾತು ಎದ್ದು ನಡೆಯಿತು. ಇನ್ನೂರು ವರ್ಷ ಆಯಿತು, ಇನ್ನೂ ನಡೆಯುತ್ತಾ ಇದೆ."

"ಬಾಲ ಕತ್ತರಿಸಿದರೆ ನಡೆಯುತ್ತದಾ ಒಡೆಯಾ?"

"ನಡೆಯುತ್ತದೆ. ಓರೆಯಾಗಿ ನಡೆಯುತ್ತದೆ."

ಜಟ್ಟು ಅದನ್ನು ತಲೆಯಲ್ಲಿ ಇಟ್ಟುಕೊಂಡ. ಬೇರೆ ಸಾಮಾನು ಇಲ್ಲದ್ದರಿಂದ ಜಾಗ ಧಾರಾಳವಾಗಿತ್ತು.

ಪರೀಕ್ಷೆಗೆ ಇನ್ನೂ ಹತ್ತು ದಿನ ಇರುವಾಗಲೇ ಸಾಹೇಬ ಬಂದು ಗುಡ್ಡದ ಮೇಲಿನ ಬಂಗಲೆಯಲ್ಲಿ ಇಳಿದುಕೊಂಡ. ಬರಿಗೈಯಲ್ಲಿ ಹೋಗಬಾರದೆಂದು ಮಾಸ್ತಮ್ಮ ಒಂದು ಬುಟ್ಟಿ ಏಡಿ ಹಿಡಿದು, ಮುಚ್ಚಳ ಕಟ್ಟಿ, ಮಗನ ತಲೆಯ ಮೇಲೆ ಇಟ್ಟಳು. ಶಾನಭಾಗರು ಬರೆದುಕೊಟ್ಟಿದ್ದ ಅರ್ಜಿಯನ್ನು ಅವನ ಸೊಂಟಕ್ಕೆ ಸಿಕ್ಕಿಸಿದಳು. ಶಾನಭಾಗರು ಹೇಗೆ ಹೇಳಿದ್ದಾರೋ ಹಾಗೇ ಹೋಗು ಅಂದಳು. ಅವರು ಏನು ಹೇಳಿದ್ದಾರೆಂದು ಕೇಳದೆ ಇದ್ದದ್ದು ಅವಳ ತಪ್ಪು. ಮಾಲು ಬಿಚ್ಚಿ ನೋಡದೆ ಮುಂದಕ್ಕೆ ಕಳಿಸಬಾರದು.

ಜಟ್ಟು ಬಂಗಲೆಯ ಗೋಡೆಗೆ ಬೆನ್ನು ಹಚ್ಚಿದ. ಮುಖ ಎತ್ತಲೋ ಮಾಡಿದ. ಬೆಳಗಿನ ಗಂಜಿಯ ಹೊತ್ತಿನಿಂದ ಮಧ್ಯಾಹ್ನದ ಊಟದ ಹೊತ್ತಿನ ತನಕ ಬಂಗಲೆಯನ್ನು ಅಡ್ಡಡ್ಡ ಸುತ್ತಿದ. ಬುಟ್ಟಿಯೊಳಗೆ ಏಡಿಗಳು ಅಡ್ಡ, ಬುಟ್ಟಿಯ ಕೆಳಗೆ ಇವನು ಅಡ್ಡ. ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದದ್ದು ಏಡಿಗಳಿಗೆ ಮಾತ್ರ. ಬಾಗಿಲು ಬಂದಾಗಲೆಲ್ಲ ಬಾರದವನ ಹಾಗೆ ದಾಟಿಕೊಂಡು ಹೋದ. ಒಳಗೆ ಜವಾನ ಫಕೀರಪ್ಪ ಸಾಹೇಬನ ಬೂಟು ಉಜ್ಜುತ್ತಿದ್ದ. ಧಾರವಾಡ ಕಡೆಯವನು, ನೀರು ಕಂಡರೆ ಆಗದವನು, ಏಡಿ ಕಂಡರೆ ಇನ್ನೂ ಆಗದವನು. ಕಿಟಕಿಯಲ್ಲಿ ಬುಟ್ಟಿ ಹೊತ್ತ ಅದೇ ತಲೆ ಐದನೇ ಸಲ ಸರಿದಾಗ ಅವನು ಬೂಟು ಬಿಟ್ಟು ಬಡಿಗೆ ಹಿಡಿದ. ಬುಟ್ಟಿ ಬಿತ್ತು, ಏಡಿಗಳು ಜಗಲಿ ಏರಿದವು, ಫಕೀರಪ್ಪ ಮೇಜು ಏರಿದ. ಅರ್ಜಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು.

ಬೆನ್ನ ತುಂಬ ಬಾಸುಂಡೆ ಹೊತ್ತು ಮಗ ಮನೆಗೆ ಬಂದಾಗ ಮಾಸ್ತಮ್ಮ ಅರಿಶಿನ ಹಚ್ಚುತ್ತಾ ಬೈದಳು, ಬೈಯುತ್ತಾ ಹಚ್ಚಿದಳು. ಕಳ್ಳನ ಹಾಗೆ ಹೋದರೆ ಕಳ್ಳನಿಗೆ ಸಿಗುವುದೇ ಸಿಗುತ್ತದೆ. ಇನ್ನು ಮೇಲೆ ಯಾರು ಬೇಕೋ ಅವರ ಎದುರಿಗೆ ನೆಟ್ಟಗೆ ಹೋಗು, ಸಲಾಮು ಹೊಡಿ, ನಾನು ಕರಿಯಣ್ಣನ ಮಗ ಜಟ್ಟು ಅಂತ ಗಟ್ಟಿಯಾಗಿ ಹೇಳು, ಏನು ಕೆಲಸ ಅಂತ ಮುಚ್ಚುಮರೆ ಇಲ್ಲದೆ ಹೇಳು. ಆಗಲಿ ಅಂದ ಜಟ್ಟು.

ಏಡಿ ಹೋಯಿತು, ಕೋಳಿಯಾದರೂ ಕಳಿಸೋಣ ಎಂದುಕೊಂಡಳು ತಾಯಿ. ಮರುದಿನ ಬೆಳಿಗ್ಗೆ ಕೆಂಪು ಹುಂಜ ಹಿಡಿದುಕೊಂಡು ಬಾ ಅಂದಳು. ಜಟ್ಟು ನೆಟ್ಟಗೆ ಹುಂಜದ ಎದುರಿಗೆ ಹೋಗಿ ನಿಂತ, ಸಲಾಮು ಹೊಡೆದ, ಆಚೆ ದಡಕ್ಕೆ ಕೇಳುವ ಹಾಗೆ ಹೇಳಿದ: "ನಾನು ಕರಿಯಣ್ಣನ ಮಗ ಜಟ್ಟು. ನಿನ್ನನ್ನು ಸಾರು ಮಾಡಲಿಕ್ಕುಂಟು."

ಹುಂಜಕ್ಕೆ ಅವನಿಗಿಂತ ಬುದ್ಧಿ ಇತ್ತು. ಹೇಂಟೆ, ಮರಿ, ನೆರೆಮನೆಯ ಎರಡು ಬಾತುಕೋಳಿ, ಎಲ್ಲ ಸಂಸಾರ ಕಟ್ಟಿಕೊಂಡು ಮುಂಡುಗದ ಮುಳ್ಳಿನ ಪೊದೆಗೆ ನುಗ್ಗಿತು.

"ನೆಟ್ಟಗೆ ಹೋಗು ಅಂದದ್ದು ನೀನೇ ಅಲ್ಲ ಅಬ್ಬೆ?"

"ಅಂದದ್ದು ನಾನು, ಕೇಳಿದ್ದು ನೀನು. ಅಲ್ಲೇ ಕೆಟ್ಟದ್ದು."

ಓಡುವ ಜೀವವನ್ನು ಮಾತಾಡಿಸುತ್ತಾರೇನು ಅಂತ ಅವಳು ಹಣೆ ಬಡಿದುಕೊಂಡಳು. ಓಡುತ್ತಾ ಹತ್ತಿರ ಬಂತೋ, ಬಾಯಿ ಮುಚ್ಚಿಕೊಂಡು ಬುಟ್ಟಿ ಕವುಚಿ ಹಾಕು, ಮೇಲೆ ಕೂತುಬಿಡು, ನಾನು ಬರುವ ತನಕ ಏಳಬೇಡ. ಇಷ್ಟು ಹೇಳಿ ಅವಳು ದೋಣಿಗೆ ಹೋದಳು. ಜಟ್ಟು ಮೀನು ಒಣಗಿಸುವ ದೊಡ್ಡ ಬುಟ್ಟಿಯನ್ನು ತಂದು ಅಂಗಳದಲ್ಲಿ ಕಾದು ಕೂತ.

ಓಡಿ ಬಂದದ್ದು ಫಕೀರಪ್ಪ. ಸಾಹೇಬನಿಂದ ಜರೂರು ಸುದ್ದಿ ತಂದಿದ್ದ, ಗುಡ್ಡ ಇಳಿದ ರಭಸಕ್ಕೆ ಕಾಲು ನಿಲ್ಲುತ್ತಿರಲಿಲ್ಲ. ಆಳು ಗಿಡ್ಡ, ಬುಟ್ಟಿ ದೊಡ್ಡದು. ಜಟ್ಟು ಕವುಚಿ ಹಾಕಿ ಮೇಲೆ ಕೂತ.

"ಲೇ, ನಾ ಸರಕಾರದ ಮನಶಾ ಅದೀನಿ," ಅಂತು ಬುಟ್ಟಿ.

ಓಡುವ ಜೀವವನ್ನು ಮಾತಾಡಿಸಬಾರದು. ಜಟ್ಟು ಇನ್ನಷ್ಟು ಭಾರ ಬಿಟ್ಟು ಕೂತ.

ಬುಟ್ಟಿ ಮೊದಲು ಸರಕಾರದ ಹೆಸರು ಹೇಳಿತು, ಆಮೇಲೆ ಸಾಹೇಬನ ಹೆಸರು, ಆಮೇಲೆ ಯಲ್ಲಮ್ಮನ ಹೆಸರು. ಮಧ್ಯಾಹ್ನ ತಿರುಗುವ ಹೊತ್ತಿಗೆ ಹಳೆಯ ಮೀನಿನ ವಾಸನೆಗೆ ಸೋತು ಸೀನುವುದಷ್ಟೇ ಉಳಿಯಿತು. ತಾಯಿ ಬಂದು ಬುಟ್ಟಿ ಎತ್ತಿದಾಗ ಫಕೀರಪ್ಪನ ಮುಂಡಾಸಿಗೆ ಮೂರು ಒಣಮೀನು ಅಂಟಿಕೊಂಡಿದ್ದವು. ಅವನು ತಂದ ಸುದ್ದಿ ಇದು: ಸಾಹೇಬನಿಗೆ ಬೇರೆ ಊರಿನಲ್ಲಿ ಅವಸರದ ಕೆಲಸ ಬಂದಿದೆ, ಹತ್ತು ದಿನ ಕಾಯುವುದಿಲ್ಲ, ದೋಣಿಯ ಪರೀಕ್ಷೆ ಇವತ್ತೇ, ಇಳಿತ ಸುರುವಾದ ಹೊತ್ತಿಗೆ.

ಇಳಿತ ಆಗಲೇ ಸುರುವಾಗಿತ್ತು.

ಮಾಸ್ತಮ್ಮ ಕೂತು ಅಳುವ ಹೆಂಗಸಲ್ಲ. ಫಕೀರಪ್ಪನಿಗೆ ನೀರು ಕೊಟ್ಟಳು, ಮೀನು ಬಿಡಿಸಿದಳು. ಈ ಬುಟ್ಟಿ ಸಂಗತಿ ಹೊರಗ ಬಿದ್ರ ನನ್ನ ಜವಾನಕಿ ಪಟ್ಟಿ, ನೌಕರಿ ಎರಡೂ ಹೋಗತಾವ, ಯಾರ ಮುಂದೂ ಹೇಳಬ್ಯಾಡ ಅಂತ ಅವನು ಕೈ ಮುಗಿದ. ಹೇಳುವುದಿಲ್ಲ ಅಂದಳು. ಅವನನ್ನು ಕಳಿಸಿ ಗಂಡನ ಹಳೆಯ ಕಂಬಳಿ ಹೊದ್ದು, ಗಂಡನ ಮುಂಡಾಸು ಸುತ್ತಿಕೊಂಡಳು. ಹುಟ್ಟು ತಾನು ಹಾಕುವುದು, ಮುಖ ಕಾಣಿಸದೆ ಹಿಂದೆ ನಿಲ್ಲುವುದು, ಮಗ ಮುಂದೆ ಎದೆ ಸೆಟೆಸಿಕೊಂಡು ಕೂರುವುದು. ಮುಂದೆ ಕೂತವನೇ ಯಜಮಾನ ಅಂತ ತಿಳಿಯುವುದು ಸರಕಾರದ ಸ್ವಭಾವ. ಜಟ್ಟುವಿಗೆ ಒಂದೇ ಮಾತು ಹೇಳಿದಳು. ಸುಮ್ಮನೆ ಕೂತುಕೋ. ಸಾಹೇಬರು ಏನಾದರೂ ಹೇಳಿದರೆ ಮಾತ್ರ ಇಲ್ಲ ಅನ್ನದೆ ಮಾಡು.

ಸಾಹೇಬ ಬಂದ. ಕೆಂಪು ಮುಖ, ಕೈಯಲ್ಲಿ ಗಡಿಯಾರ, ಕನ್ನಡಿಯಂಥ ಬೂಟು. ದೋಣಿಯ ನಡುವಿನ ಹಲಗೆಯ ಮೇಲೆ ಕೂತ. ಮಾತು ತಿರುಗಿಸಿ ಹೇಳಲು ಬಂದ ಶಾನಭಾಗರು ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು, ಧೋತರ ಎತ್ತಿಕೊಂಡು ಯೋಚನೆ ಮಾಡುತ್ತಿದ್ದರು. ಹುಟ್ಟು ತರಲೆಂದು ಮಾಸ್ತಮ್ಮ ಗುಡಿಸಲಿಗೆ ಹೋಗಿದ್ದಳು. ಸಾಹೇಬ ಗಡಿಯಾರ ನೋಡಿ ಏನೋ ಗುರುಗುಟ್ಟಿದ.

"ದೋಣಿ ಯಾಕೆ ಇನ್ನೂ ನಡೆಯುವುದಿಲ್ಲ ಅಂತ ಕೇಳುತ್ತಾರೆ. ನಡೆಸಬೇಕಂತೆ, ಈಗಲೇ," ಅಂದರು ಶಾನಭಾಗರು.

ಜಟ್ಟು ದೋಣಿಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದ. ಹಿಂಬದಿಯಿಂದ ದಡದ ಗೂಟದ ತನಕ ನಾಲ್ಕು ಮೊಳ ಕತ್ತದ ಹಗ್ಗ ಇತ್ತು. ಇವನ ಕಣ್ಣಿಗೆ ಅದು ಬಾಲ.

"ಬಾಲ ಇದೆಯಲ್ಲ ಒಡೆಯಾ, ಅದಕ್ಕೇ," ಅಂದ. ಹಿಂಬದಿಗೆ ದಾಟಿ, ಸೊಂಟದಿಂದ ಮೀನು ಕೊಯ್ಯುವ ಕತ್ತಿ ತೆಗೆದು ಒಂದೇ ಏಟಿಗೆ ಕತ್ತರಿಸಿದ.

ದೋಣಿ ನಡೆಯಿತು. ಶಾನಭಾಗರು ಹೇಳಿದ ಹಾಗೇ, ಓರೆಯಾಗಿ ನಡೆಯಿತು. ಅವರ ದಡದ ಕಾಲು ದಡ ಬಿಟ್ಟಿತು, ದೋಣಿಯ ಕಾಲು ಜಾರಿತು, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ನೀರಿನಲ್ಲಿ ಜೋತುಬಿದ್ದರು. ದೋಣಿ ಹೊಳೆಗೆ ಅಡ್ಡವಾಗಿ, ಹುಟ್ಟಿಲ್ಲದೆ, ಅಂಬಿಗನಿಲ್ಲದೆ, ನೇರ ಅಳಿವೆಗೆ ಸರಿಯತೊಡಗಿತು. ಅಳಿವೆಯಾಚೆ ಸಮುದ್ರದ ಅಲೆ ಬೆಳ್ಳಗೆ ಒಡೆಯುತ್ತಿತ್ತು. ಸಾಹೇಬ ಗಡಿಯಾರ ಬಿಟ್ಟು ಹಲಗೆ ಹಿಡಿದುಕೊಂಡ, ಎರಡೂ ಬೂಟು ಮೇಲೆತ್ತಿಕೊಂಡ. ಆಚೆ ದಡದಿಂದ ಗಣಪು ಇದೆಲ್ಲ ನೋಡುತ್ತಿದ್ದ. ಕಾಪಾಡಲು ಬರುತ್ತೇನೆ ಎಂದು ಕೂಗಿದ, ಬರಲಿಕ್ಕೆ ಮೊದಲು ಗೆರಟೆಯಲ್ಲಿ ತನ್ನ ದೋಣಿಯ ನೀರು ತೆಗೆಯತೊಡಗಿದ.

ಮಾಸ್ತಮ್ಮ ಗುಡಿಸಲಿನಿಂದ ಹೊರಗೆ ಬಂದಾಗ ಗೂಟ ಇತ್ತು, ತುಂಡು ಹಗ್ಗ ಇತ್ತು, ದೋಣಿ ಇರಲಿಲ್ಲ. ಬೈಯಲು ಕೂಡ ನಿಲ್ಲಲಿಲ್ಲ. ಹುಟ್ಟನ್ನು ಕಂಕುಳಿಗೆ ಸಿಕ್ಕಿಸಿ ನೀರಿಗೆ ಬಿದ್ದಳು. ಕಂಬಳಿ ಹೊಳೆಗೆ ಹೋಯಿತು, ಮುಂಡಾಸು ಬಿಚ್ಚಿ ಬಾಳೆಹಗ್ಗದ ಹಾಗೆ ತೇಲಿತು. ಮೊಳಕಾಲುದ್ದ ಕೂದಲಿನಿಂದ ನೀರು ಸೋರಿಸುತ್ತಾ ಅವಳು ದೋಣಿಯ ಹಿಂಬದಿಯಿಂದ ಹತ್ತಿದಾಗ ಸಾಹೇಬನಿಗೆ ಅಂಬಿಗ ಯಾರು ಅನ್ನುವುದು ಗೊತ್ತಾಯಿತು. ಅವಳು ಅವನತ್ತ ನೋಡಲಿಲ್ಲ. ಮೂತಿಯನ್ನು ಹೊಳೆಯ ಮೇಲಕ್ಕೆ, ಯಾರೂ ಹೋಗಬೇಕಾಗಿಲ್ಲದ ಕಡೆಗೆ ತಿರುಗಿಸಿದಳು. ಹುಟ್ಟು ಹಾಕಿದಳು. ಹೊಳೆ ಎಳೆಯಿತು, ಇವಳು ತಳ್ಳಿದಳು. ಅಳಿವೆಯ ಬಾಯಿಯಿಂದ ಇಷ್ಟಿಷ್ಟೇ ಮೇಲೆ ಏರುತ್ತಾ, ಅಡ್ಡ ಸರಿಯುತ್ತಾ ದೋಣಿ ಹೋಗಿ ಹೊನ್ನೆಮರದ ಬೇರಿಗೆ ತಾಗಿ ನಿಂತಿತು. ಸಾಹೇಬ ಇಳಿದ. ಬೂಟು ಒಣಗಿತ್ತು.

ಹಿಂದಿನಿಂದ ಒದ್ದೆ ಬೆಕ್ಕಿನ ಹಾಗೆ ಶಾನಭಾಗರು ಏರಿ ಬಂದರು. ಇಂಥ ಹೊತ್ತಿನಲ್ಲೂ ಅವರಿಗೆ ತಮ್ಮ ಮಾತು ಮಾರುವ ಆಸೆ. ನೋಡಿ ದೊರೆಗಳೇ, ದೋಣಿ ಎಷ್ಟು ಚೆನ್ನಾಗಿ ಸೈಡಲ್ ಮಾಡಿತು ಅಂದರು. ಸಾಹೇಬ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿ, ಹಾಗಲ್ಲ ಅಂದ. ಆ ಮಾತು ಏಡಿ ಬುಟ್ಟಿ ಹೊತ್ತು ತನ್ನ ಬಂಗಲೆ ಸುತ್ತಿದವನಿಗೆ ಸರಿ, ಪಕ್ಕದಿಂದ ಸರಿದು ಬಂದು ಕೆಲಸ ಹಿಡಿಯುವವರಿಗೂ ಸರಿ. ಈ ಹೆಂಗಸು ಬಂದದ್ದು ಎರಡು ದಡದ ಕಣ್ಣೆದುರಿಗೆ, ಏನು ಬೇಕೋ ಅದಕ್ಕಾಗಿಯೇ ಬಂದಳು. ಓರೆ ಹೋದದ್ದು ದೋಣಿ, ಅವಳಲ್ಲ. ಇಷ್ಟನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳು ಅಂತ ಸಾಹೇಬ ಅಪ್ಪಣೆ ಮಾಡಿದ. ಶಾನಭಾಗರು ಹೇಳಿದರು, ಮುಖ ಹೊನ್ನೆಮರದ ಕಡೆಗೆ ಮಾಡಿಕೊಂಡು.

ಕಾಗದದ ಮಾತು ಬಂತು. ಹೆಂಗಸಿನ ಹೆಸರಿಗೆ ಕೊಡಲು ಕಟ್ಟಳೆ ಇಲ್ಲ ಅಂದರು ಶಾನಭಾಗರು. ಕಟ್ಟಳೆ ಮುರಿಯುವ ಧೈರ್ಯ ಸಾಹೇಬನಿಗೂ ಇರಲಿಲ್ಲ, ಅದರ ಪಕ್ಕದಿಂದ ಹೋಗುವ ಜಾಣತನ ಇತ್ತು. ಪರವಾನಗಿ ಜಟ್ಟುವಿನ ಹೆಸರಿಗೆ ಬರೆಸಿದ. ಕೆಳಗೆ ಒಂದು ಷರತ್ತು ಬರೆಸಿದ: ಸದರಿ ಜಟ್ಟು ಈ ದೋಣಿಯಲ್ಲಿ ಇನ್ನು ಮುಂದೆ ಕಾಲಿಡತಕ್ಕದ್ದಲ್ಲ. ಕೆಂಪು ಅರಗಿನ ಮೊಹರು ಒತ್ತಿದ. ಗಣಪುವಿನ ಆಸೆಯೂ ಅವನ ದೋಣಿಯೂ ಒಟ್ಟಿಗೇ ಮುಳುಗಿದವು. ಮರುದಿನ ಬೆಳಿಗ್ಗೆ ಹೆಸರಿನವನು ಖುದ್ದಾಗಿ ಆಚೆ ದಡದ ಚೌಕಿಗೆ ಬಂದು ಕಾಗದ ತೋರಿಸಬೇಕು, ಫಕೀರಪ್ಪ ನೋಡಿ ದಾಖಲೆ ಮಾಡಬೇಕು, ಅಲ್ಲಿಗೆ ಕೆಲಸ ಮುಗಿಯಿತು.

ಮನೆಗೆ ಬಂದ ಮೇಲೆ ಮಾಸ್ತಮ್ಮ ಬೈದಳು. ಹಿಂದಿನ ಬೈಗುಳವೆಲ್ಲ ಇದರ ಮುಂದೆ ಹರಸಿದ ಹಾಗೆ. ಕೊನೆಗೆ ಉಸಿರು ಎಳೆದುಕೊಂಡು ಹೇಳಿದಳು.

"ಇನ್ನು ನೀನು ಯಾವುದಕ್ಕೂ ಕೈ ಹಾಕಬೇಡ. ದೋಣಿಯಲ್ಲಿ ಕಾಲಿಡಬೇಡ. ಕಾಗದ ಒದ್ದೆಯಾಗಬಾರದು, ಎಲ್ಲಕ್ಕಿಂತ ಎತ್ತರದಲ್ಲಿ ಇರಲಿ. ಸರಕಾರದವರು ಸಲಾಮು ಹೊಡೆದರೆ ತಿರುಗಿ ಹೊಡಿ. ಇಷ್ಟು ಆಗುತ್ತದಾ?"

"ಆಗುತ್ತದೆ," ಅಂದ ಜಟ್ಟು.

ಬೆಳಿಗ್ಗೆ ಅವಳು ಹಗ್ಗ ಬಿಚ್ಚಿ ತಿರುಗುವಷ್ಟರಲ್ಲಿ ಜಟ್ಟು ದೋಣಿಯ ಅಂಚಿನ ಮೇಲೆ ಕುಂಡೆ ಊರಿ ಒಳಕ್ಕೆ ಉರುಳಿದ್ದ. ಕಾಲಿಡಲಿಲ್ಲ. ಅಂಗಾತ ಮಲಗಿ ಎರಡೂ ಕಾಲನ್ನು ಆಕಾಶಕ್ಕೆ ನೆಟ್ಟಿದ್ದ. ಕೈ ಹಾಕಲಿಲ್ಲ, ಎರಡನ್ನೂ ಬೆನ್ನಿನ ಅಡಿಗೆ ಒತ್ತಿಕೊಂಡಿದ್ದ. ಕಾಗದ ಬಲಗಾಲಿನ ಹೆಬ್ಬೆರಳಿನ ಸಂದಿಯಲ್ಲಿತ್ತು. ದೋಣಿಯಲ್ಲಿ ಅದಕ್ಕಿಂತ ಎತ್ತರದ ಜಾಗ ಇರಲಿಲ್ಲ, ಸತ್ಯ.

ಮಾಸ್ತಮ್ಮ ಬಾಯಿ ತೆರೆದಳು. ಆಮೇಲೆ ಯೋಚಿಸಿದಳು. ಇವನನ್ನು ತಿದ್ದಿದಾಗಲೆಲ್ಲ ಆದದ್ದು ಹಿಂದಿನದಕ್ಕಿಂತ ದೊಡ್ಡ ಅನಾಹುತ. ಬಾಯಿ ಮುಚ್ಚಿಕೊಂಡು ಹುಟ್ಟು ಹಾಕಿದಳು.

ಚೌಕಿಯ ಎದುರಿಗೆ ಫಕೀರಪ್ಪ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ದೂರದಿಂದ ಅವನಿಗೆ ಕಂಡದ್ದು ಅಡ್ಡ ಸರಿದು ಬರುವ ದೋಣಿ, ನಡುವೆ ಒಂದು ಕಂಬ, ಕಂಬದ ತುದಿಯಲ್ಲಿ ಸರಕಾರದ ಕೆಂಪು ಮೊಹರು. ಮೊಹರು ಕಂಡರೆ ಅವನ ಕೈ ತಾನಾಗಿ ಹಣೆಗೆ ಏರುತ್ತಿತ್ತು, ಏರಿತು. ಅವನನ್ನು ನೋಡಿ ಗಣಪು ಸಲಾಮು ಹೊಡೆದ, ಗಣಪುವನ್ನು ನೋಡಿ ದಡದ ಜನವೆಲ್ಲ ಹೊಡೆದರು.

ಸರಕಾರದವರು ಸಲಾಮು ಹೊಡೆದರೆ ತಿರುಗಿ ಹೊಡೆಯಬೇಕು. ಕೈ ಹಾಕಬಾರದು. ಜಟ್ಟು ಬಲಗಾಲಿನ ಬೆರಳೆಲ್ಲ ಅಗಲಿಸಿ, ಪಾದ ಬಗ್ಗಿಸಿ, ಬಲು ಮರ್ಯಾದೆಯಿಂದ ಸಲಾಮು ಹೊಡೆದ.

ಸಮುದ್ರದ ಗಾಳಿ ಬೀಸುತ್ತಿತ್ತು. ಕಾಗದ ಓರೆಯಾಗಿ ಏರಿತು, ಓರೆಯಾಗಿ ಇಳಿಯಿತು, ಮೊಹರಿನ ಭಾರಕ್ಕೆ ತಲೆಕೆಳಗಾಗಿ ಹೊಳೆಗೆ ಹೋಯಿತು.

ದೋಣಿ ದಡ ಮುಟ್ಟಿತು. ಫಕೀರಪ್ಪ ದಾಖಲೆ ಪುಸ್ತಕ ಹಿಡಿದುಕೊಂಡು ನಿಂತವನು ನಿಂತೇ ಇದ್ದ. "ನಾ ಈಗ ಏನಂತ ಬರೀಲವ್ವಾ? ಕಾಲಿಗೆ ಸಲಾಮ ಹೊಡದೆ, ಕಾಲು ತಿರುಗಿ ಹೊಡೀತು, ಕಾಗದ ಹೋತು ಅಂತ ಬರೀಲೇನು?"

ಮಾಸ್ತಮ್ಮ ಹುಟ್ಟು ಊರಿ ನಿಂತಳು. "ಕಂಡದ್ದನ್ನೆಲ್ಲ ಬರಿ. ಬುಟ್ಟಿಯೊಳಗಿಂದ ಕಂಡದ್ದೂ ಸೇರಿಸಿ ಬರಿ."

ಫಕೀರಪ್ಪ ಮುಂಡಾಸು ಮುಟ್ಟಿ ನೋಡಿಕೊಂಡ. ಆಮೇಲೆ ಲೇಖನಿ ಅದ್ದಿ, ಪರವಾನಗಿ ನೋಡಿದೆ, ಸರಿಯಾಗಿದೆ ಅಂತ ಬರೆದು ರುಜು ಹಾಕಿದ. ಸರಕಾರಕ್ಕೆ ಪುಸ್ತಕದಲ್ಲಿ ಇದ್ದದ್ದೇ ಇದ್ದದ್ದು. ಕೋಡಿಬೈಲಿನ ಕಡವು ಆ ದಿನದಿಂದ ಮಾಸ್ತಮ್ಮನ ಕೈಬಿಡಲಿಲ್ಲ.

"ಅಬ್ಬೆ, ಕಾಲು ಇಳಿಸಲಾ?" ಅಂತ ದೋಣಿಯ ಒಳಗಿನಿಂದ ಕೇಳಿತು.

ಇಳಿಸು ಅಂದರೆ ಎಲ್ಲಿ ಇಳಿಸುತ್ತಾನೋ ಯಾರಿಗೆ ಗೊತ್ತು. "ಬೇಡ. ನಾನು ಹೇಳುವ ತನಕ ಹಾಗೇ ಇರು," ಅಂದಳು ಮಾಸ್ತಮ್ಮ.

ಹೇಳುವುದನ್ನು ಅವಳು ಮರೆತಳೋ, ಮರೆತಂತೆ ಮಾಡಿದಳೋ. ಸಂಜೆಯ ತನಕ ಎಂಟು ಸಲ ದೋಣಿ ಆಚೆ ಈಚೆ ಹೋಯಿತು, ಎಂಟು ಸಲವೂ ನಡುವೆ ಆ ಎರಡು ಕಾಲು ನಿಂತಿದ್ದವು. ಮೀನಿನ ಹೆಂಗಸರು ಮೊದಲ ಸಲ ಬೈದರು, ಎರಡನೇ ಸಲ ನಕ್ಕರು, ಮೂರನೇ ಸಲ ಬುಟ್ಟಿಯ ಅಡಿಗೆ ತಲೆಯ ಮೇಲೆ ಸುತ್ತಿಟ್ಟ ಸಿಂಬಿಗಳನ್ನು ತೆಗೆದು ಒಣಗಲೆಂದು ಆ ಕಾಲುಗಳಿಗೆ ಸಿಕ್ಕಿಸಿದರು. ಬಲಗಾಲಿಗೆ ಆರು, ಎಡಗಾಲಿಗೆ ಐದು. ಇಪ್ಪತ್ತು ವರ್ಷದಲ್ಲಿ ಜಟ್ಟುವಿನಿಂದ ಯಾರಿಗಾದರೂ ಆದ ಮೊದಲನೇ ಉಪಯೋಗ ಅದು.